ಮೆಟ್ಟಿಲಿಲ್ಲದ ನೀರು

ಹೋದ ತಿಂಗಳು ತವರಿಗೆ ಹೋದಾಗ ಅಟ್ಟದಿಂದ ಹಳೆಯ ಸೋರೆ ಬುರುಡೆಗಳನ್ನು ಇಳಿಸಿದೆ. ಒಣಗಿ ಗಟ್ಟಿಯಾದ ಎರಡು ಬುರುಡೆ, ನಡುವೆ ಹಗ್ಗ. ಈಜು ಕಲಿಯುವ ಮಕ್ಕಳು ಮುಳುಗದಿರಲೆಂದು ಬೆನ್ನಿಗೆ ಕಟ್ಟುವಂಥವು. ಧೂಳು ಒರೆಸಿ ಮೂಸಿದೆ. ಒಲೆಯ ಹೊಗೆ, ಬುರುಡೆ ಬಿರಿಯದಿರಲೆಂದು ಅಜ್ಜಿ ಸವರುತ್ತಿದ್ದ ಶೇಂಗಾ ಎಣ್ಣೆ... ಅಜ್ಜಿಯೇ ಬಂದು ಪಕ್ಕದಲ್ಲಿ ಕೂತಂತಾಯಿತು.

ನಮ್ಮ ತೋಟ ಕೊಂಡ್ಲಹಳ್ಳಿ ಕಡೆ. ಅಲ್ಲಿನ ಮೆಟ್ಟಿಲು ಬಾವಿಯಲ್ಲಿ ಮನೆಯ ಮಕ್ಕಳಿಗೆಲ್ಲ ಈಜು ಕಲಿಸಿದವಳು ಅವಳೇ, ನನ್ನ ಅಪ್ಪನ ತಾಯಿ. ಗಂಡಾಗಲಿ ಹೆಣ್ಣಾಗಲಿ, ಎಂಟು ತುಂಬಿತೆಂದರೆ ಬುರುಡೆ ಕಟ್ಟಿ ಬಾವಿಗೆ ಇಳಿಸುವುದೇ. ಮೊಮ್ಮಕ್ಕಳಲ್ಲಿ ಕೊನೆಯವಳಾದ ನನ್ನ ಸರದಿ ಬರುವ ಹೊತ್ತಿಗೆ ಬಾವಿಯೇ ಬತ್ತಿತ್ತು. ಬೋರ್‌ವೆಲ್ ನೀರು ಪೈಪಿನಲ್ಲಿ ಗಿಡಗಳಿಗೆ ಹೋಗುತ್ತಿತ್ತು, ಅದರಲ್ಲಿ ಈಜಲಾಗುತ್ತದೆಯೇ? ಹನ್ನೊಂದಾದರೂ ಈಜು ಬಾರದ ನನ್ನನ್ನು ಅಣ್ಣಂದಿರು ಬಕೀಟಿನಲ್ಲಿ ಕಲಿ ಹೋಗು ಎಂದು ರೇಗಿಸುತ್ತಿದ್ದರು. ನನಗೆ ಅಳು ಬರುತ್ತಿತ್ತು. ಅಜ್ಜಿಗೋ ಅದು ತನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಚಿಕ್ಕಪ್ಪ ಆಗ ಹೊನ್ನಾವರದ ಹತ್ತಿರ ಮೇಷ್ಟ್ರಾಗಿದ್ದ. ಮಗನನ್ನು ನೋಡಿಬರುತ್ತೇನೆಂದು ಎಲ್ಲರಿಗೂ ಹೇಳಿ ಅಜ್ಜಿ ನನ್ನನ್ನೂ ಬುರುಡೆಗಳನ್ನೂ ಎಳೆದುಕೊಂಡು ಚಳ್ಳಕೆರೆಯಲ್ಲಿ ಬಸ್ಸು ಹತ್ತಿದಳು. ಇದಕ್ಕೆ ಲಗೇಜು ಆಗುತ್ತದೆ ಎಂದ ಕಂಡಕ್ಟರನ ಕೈಗೇ ಬುರುಡೆ ಕೊಟ್ಟು, ಮೊದಲು ಎತ್ತಿ ನೋಡು, ಆಮೇಲೆ ಕೇಳು ಎಂದಳು. ಅವನು ನಕ್ಕು ಮುಂದೆ ಹೋದ.

ಸಮುದ್ರವನ್ನು ಅವಳೂ ನೋಡಿದ್ದು ಅದೇ ಮೊದಲು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಆ ತುದಿಯಿಂದ ಈ ತುದಿಯವರೆಗೆ ನೋಡಿ ಒಂದು ಕೊರತೆ ಹುಡುಕಿಯೇಬಿಟ್ಟಳು.

"ಇಳಿಯೋಕೆ ಮೆಟ್ಲೇ ಇಲ್ವಲ್ಲೇ ಇದಕ್ಕೆ."

ಆದರೂ ಕಚ್ಚೆ ಹಾಕಿ, ನನಗೆ ಬುರುಡೆ ಬಿಗಿದು, ಕೈಹಿಡಿದು ಇಳಿಸಿದಳು. ನೀರು ಮೊಣಕಾಲು ದಾಟಿತೋ ಇಲ್ಲವೋ, ಒಂದು ಅಲೆ ಬಂದು ಇಬ್ಬರನ್ನೂ ಮಗುಚಿ ಹಾಕಿತು. ಮೂಗು ಬಾಯಿಗೆಲ್ಲ ಉಪ್ಪುನೀರು. ಅಜ್ಜಿ ನನ್ನ ಜಡೆ ಹಿಡಿದು ದಡಕ್ಕೆಳೆದಳು. ಇನ್ನು ಸತ್ತರೂ ನೀರಿಗೆ ಇಳಿಯುವುದಿಲ್ಲವೆಂದು ನಾನು ಕಿರುಚಿದೆ. ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಈ ನೀರು ಮೈಮೇಲೆ ಬರುತ್ತದೆ. ಪಾಪ, ಅವಳಿಗೇನು ಗೊತ್ತು? ಮರಳಿನ ಮೇಲೆ ಕೂತು ಸೆರಗು ಹಿಂಡಿಕೊಂಡಳು. ಅಜ್ಜಿಗೂ ಗೊತ್ತಿಲ್ಲದ್ದೊಂದು ಇದೆ ಎಂದು ನನಗೆ ತಿಳಿದದ್ದು ಅಂದೇ. ಈ ಹುಚ್ಚಾಟ ಸಾಕು ಎಂದು ಚಿಕ್ಕಪ್ಪ ಬೈದ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮೀನು ಮಾರುವ ಹೆಂಗಸು ಚಿಕ್ಕಪ್ಪನ ಬಾಗಿಲ ಮುಂದೆ ಹಾದರೂ ಸಾಕು, ಅಜ್ಜಿ ಮೂಗಿಗೆ ಸೆರಗೊತ್ತಿ ಒಳಗೆ ಹೋಗುತ್ತಿದ್ದಳು. ಮಾರನೆಯ ಬೆಳಿಗ್ಗೆ ಅದೇ ಅಜ್ಜಿ ಬೀದಿಗಿಳಿದು, ಮೂಗಿನ ಸೆರಗನ್ನು ತೆಗೆಯದೆಯೇ, ನಿಮ್ಮ ಮಕ್ಕಳು ಈಜು ಎಲ್ಲಿ ಕಲಿಯುತ್ತವೆ ಎಂದು ಆಕೆಯನ್ನು ಕೇಳಿದಳು. ಆಕೆ ನಮ್ಮನ್ನು ಹೊಳೆ ಸಮುದ್ರ ಸೇರುವ ಕಡೆಗೆ ಕರೆದೊಯ್ದಳು. ಉಬ್ಬರದ ನೀರು ತುಂಬಿ ನಿಂತಾಗ ಅಲ್ಲಿ ಅಲೆಯೇ ಇರುವುದಿಲ್ಲವಂತೆ. ಮೀನಿನ ಬುಟ್ಟಿಯ ಹಿಂದೆ ನಮ್ಮಜ್ಜಿ ನಡೆದದ್ದನ್ನು ಊರಲ್ಲಿ ಹೇಳಿದರೆ ಒಬ್ಬರೂ ನಂಬಲಿಲ್ಲ.

ಅಲ್ಲಿ ದೋಣಿ ಹತ್ತುವವರಿಗೆಂದು ಕಲ್ಲಿನ ಮೆಟ್ಟಿಲುಗಳೂ ಇದ್ದವು. ಅವನ್ನು ಕಂಡದ್ದೇ ಅಜ್ಜಿಯ ಮುಖ ಅರಳಿತು. ನಾನು ಎರಡು ದಿನ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಅವಳು ಬಾ ಎನ್ನಲಿಲ್ಲ, ತಾನೊಬ್ಬಳೇ ಅಂಗಾತ ತೇಲಿಕೊಂಡಿದ್ದಳು. ಮೂರನೆಯ ದಿನ ಹೊಟ್ಟೆಕಿಚ್ಚು ತಡೆಯಲಾಗದೆ ನಾನೇ ಬುರುಡೆ ಕಟ್ಟು ಎಂದೆ. ಎಂಟನೆಯ ದಿನ ಬುರುಡೆ ಬಿಚ್ಚಿಟ್ಟು, ಕಟ್ಟಿಹಾಕಿದ್ದ ದೋಣಿಯೊಂದನ್ನು ಮುಟ್ಟಿ ವಾಪಸು ಬಂದೆ. ಅಜ್ಜಿಯ ತವರು ಆಂಧ್ರದ ಗಡಿಯಾಚೆ. ಉದ್ವೇಗವಾದರೆ ಕನ್ನಡ ಮರೆತುಹೋಗುತ್ತಿತ್ತು. ಎದೆಮಟ್ಟದ ನೀರಲ್ಲಿ ನಿಂತು ನನ್ನ ಒಂದೊಂದು ಕೈಬೀಸಿಗೂ ಎಣಿಸುತ್ತಿದ್ದಳು. ಒಕಟಿ, ರೆಂಡು, ಮೂಡು...

ತಲೆ ಒರೆಸುತ್ತಾ ಅವಳು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಬಾವಿಗೆ ನೀರು ಬಂದೇ ಬರ್ತೈತೆ ಮಗಾ. ನಾನು ಇರ್ತೀನೋ ಇಲ್ವೋ. ಎಲ್ರಿಗಿಂತ ಚಿಕ್ಕೋಳು ನೀನು, ನೀನಿರ್ತೀಯ. ಆಗ ಬರೋ ಮಕ್ಕಳಿಗೆ ನೀನು ಕಲಿಸ್ಬೇಕು, ಅದಕ್ಕೇ ನಿನ್ನ ಇಷ್ಟು ದೂರ ಕರ್ಕೊಂಡು ಬಂದಿದ್ದು."

ಆಮೇಲೆ ಅವಳು ಎಂಟು ವರ್ಷ ಬದುಕಿದ್ದಳು. ಮಳೆಗಾಲದಲ್ಲಿ ತೋಟಕ್ಕೆ ಹೋದಾಗಲೆಲ್ಲ ಬಾವಿಗೆ ಬಗ್ಗಿ ನೋಡುತ್ತಿದ್ದಳು. ನೀರು ಬರಲಿಲ್ಲ. ಆದರೂ ಪ್ರತಿ ವರ್ಷ ಬುರುಡೆಗೆ ಎಣ್ಣೆ ಸವರುವುದನ್ನು ಬಿಡಲಿಲ್ಲ...

ಈಗ ಎರಡು ವರ್ಷದ ಮಳೆಗೆ ಬಾವಿ ತುಂಬಿದೆ. ಮೇಲಿನ ಏಳು ಮೆಟ್ಟಿಲಷ್ಟೇ ಕಾಣುತ್ತವೆ. ಇದನ್ನು ನೋಡಲು ಅವಳಿರಬೇಕಿತ್ತು. ಮೊದಲ ಮೆಟ್ಟಿಲ ಮೇಲೆ ನಿಂತಾಗ ಸಂಕಟ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು, ಬುರುಡೆಗೆ ಹೊಸ ಹಗ್ಗ ಹಾಕಿ ಮಗಳ ಬೆನ್ನಿಗೆ ಕಟ್ಟಿದೆ. ಅವಳಿಗೀಗ ಒಂಬತ್ತು.

ಅವಳು ಕೈ ಬೀಸತೊಡಗಿದಳು, ನಾನು ಎಣಿಸತೊಡಗಿದೆ. ನೀರು ಉಗುಳುತ್ತಲೇ ಮಗಳು ಕೇಳಿದಳು, "ಅವ್ವ, ತೆಲುಗಲ್ಲಿ ಯಾಕೆ ಎಣಿಸ್ತೀಯಾ?"

"ಈಜೋವಾಗ ಹಿಂಗೇ ಎಣಿಸೋದು," ಅಂದೆ.