ಮಳೆ ಬಿಟ್ಟ ಮೊದಲ ಸಂಜೆಯ ಬಾವಲಿಗಳು

ನನ್ನಿಂದ ಡಿಗ್ರಿ ಆಗುವುದಿಲ್ಲವೆಂದು ಹೇಳಿದವರು ನಮ್ಮ ದೊಡ್ಡಪ್ಪ. ಪಿರಿಯಾಪಟ್ಟಣದ ಕಡೆಯ ನಮ್ಮೂರಿನಲ್ಲಿ, ಹೊಗೆಸೊಪ್ಪು ಕಟ್ಟುತ್ತ ಕೂತ ಹೆಂಗಸರೆಲ್ಲ ಕೇಳುವಂತೆ ಹೇಳಿದ್ದರು: "ಇವ್ಳು ಡಿಗ್ರಿ ಮಾಡ್ತಾಳಾ? ಆಗೋ ಮಾತಲ್ಲ ಬುಡಿ. ನಮ್ಮನೇಲಿ ಯಾರ್ ಓದವ್ರೆ ಇವ್ಳು ಓದಕ್ಕೆ?"

ಓದಿದೆ. ಬೆಳಿಗ್ಗೆ ಸೊಪ್ಪು ಕಟ್ಟಿ, ಬೆರಳಿನ ಕಪ್ಪು ಅಂಟು ಹಾಗೇ ಇಟ್ಟುಕೊಂಡು ಹುಣಸೂರಿನ ಬಸ್ಸು ಹತ್ತುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಕೆರೆ ಪಕ್ಕದ ಆಲದ ಮರದ ಬಾವಲಿಗಳನ್ನೇ ಆರಿಸಿಕೊಂಡೆ. ದಿನಾ ಸಂಜೆ ಕೆರೆ ಏರಿಯ ಮೇಲೆ ನಿಂತು, ಮರ ಬಿಟ್ಟು ಹೊರಟವುಗಳನ್ನು ಎಣಿಸಬೇಕು. ಗಾಳಿ, ಮಳೆ, ಚಳಿ ಪಕ್ಕದಲ್ಲಿ ಬರೆಯಬೇಕು. ಪ್ರಾಜೆಕ್ಟು ಕೆಟ್ಟರೆ ಡಿಗ್ರಿ ಇಲ್ಲ.

"ಬಾವ್ಲಿ ಎಣ್ಸಕ್ಕೂ ಕಾಲೇಜ್ ಬೇಕೇನವ್ವಾ?" ಎಂದು ಎಮ್ಮೆ ಹೊಡೆದುಕೊಂಡು ಹೋಗುವವರು ನಗುತ್ತಿದ್ದರು.

ತುಂತುರಿದ್ದರೆ ಅವು ತಡವಾಗಿ ಹೊರಡುತ್ತವೆ. ಗಾಳಿ ಜೋರಾದರೆ ಅರ್ಧಕ್ಕರ್ಧ ಹೊರಡುವುದೇ ಇಲ್ಲ. ಜಡಿಮಳೆ ಹಿಡಿದರೆ ರೆಕ್ಕೆ ಸುತ್ತಿಕೊಂಡು ಉಪವಾಸ ನೇತಾಡುತ್ತವೆ. ಅಂಥ ಮಳೆ ಬಿಟ್ಟ ಮೊದಲ ಸಂಜೆ ಮಾತ್ರ, ಇನ್ನೂ ಬೆಳಕಿರುವಾಗಲೇ ಎಲ್ಲವೂ ಒಟ್ಟಿಗೆ ಎದ್ದು ಹತ್ತಿರದ ಹಣ್ಣಿಗೇ ಮುಗಿಬೀಳುತ್ತವೆ.

ಹತ್ತಿರದ್ದೆಂದರೆ ದೊಡ್ಡಪ್ಪನ ಸೀಬೆ ತೋಟ.

"ಅದೇನೋ ಬರ್ಕೋತಿದ್ದಿಯಲ್ಲವ್ವಾ, ಯಾವತ್ತು ಜಾಸ್ತಿ ಬತ್ತವೆ, ಒಸಿ ಯೋಳು," ಎಂದರು ದೊಡ್ಡಪ್ಪ ಒಂದು ದಿನ. ಹುಟ್ಟಿದಾಗಿನಿಂದ ಅವರು ನನ್ನನ್ನು ಏನೂ ಕೇಳಿದವರಲ್ಲ. ನಾನು ಉಬ್ಬಿಹೋದೆ. ಪುಸ್ತಕ ಬಿಚ್ಚಿ, ದಿನದ ಲೆಕ್ಕ ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದೆ.

ಅದೇ ವಾರ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ಸಂಜೆ ಮಳೆ ಬಿಟ್ಟಿತು, ಗಾಳಿಯಿಲ್ಲ. ನಾನು ಹೇಳಿದಂತೆಯೇ ಮರ ಖಾಲಿಯಾಯಿತು. ಖುಷಿಯಿಂದ ಬರೆದುಕೊಂಡೆ. ತೋಟದ ಈ ತುದಿಯಿಂದ ಆ ತುದಿಗೆ ದೊಡ್ಡಪ್ಪ ಮೀನಿನ ಬಲೆ ಕಟ್ಟಿಸಿದ್ದು ಬೆಳಿಗ್ಗೆ ಗೊತ್ತಾಯಿತು. ಬಲೆಯ ತುಂಬ ಅವೇ. ಕೆಲವು ಇನ್ನೂ ದಾರ ಕಚ್ಚುತ್ತಿದ್ದವು. ಒಂದರ ಎದೆಗೆ ಮರಿ ಅಂಟಿಕೊಂಡಿತ್ತು. ಆಳುಗಳು ಕೋಲಿನಿಂದ ಹೊಡೆದು ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ನಾನು ಬೇಡವೆಂದಿದ್ದರೂ ಯಾರೂ ಕೇಳುತ್ತಿರಲಿಲ್ಲ ಎಂಬುದು ಆಮೇಲೆ ನಾನೇ ಕಟ್ಟಿಕೊಂಡ ಸಮಾಧಾನ.

"ಹವಾ ಚೆನ್ನಾಗಿದ್ರೂ ಇಲ್ಲಿಂದಾಚೆ ಸಂಖ್ಯೆ ಯಾಕಮ್ಮ ಬಿದ್ದೋಯ್ತು?" ಎಂದು ಕಾಲೇಜಿನ ಮೇಷ್ಟ್ರು ನನ್ನ ಲೆಕ್ಕದ ಮೇಲೆ ಬೆರಳಿಟ್ಟು ಕೇಳಿದರು. "ಗೊತ್ತಾಗ್ಲಿಲ್ಲ ಸರ್" ಎಂದೆ. ಒಳ್ಳೆಯ ಅಂಕವೇ ಬಂತು.

ಸರ್ಟಿಫಿಕೇಟು ಬಂದ ದಿನ ಅವ್ವ ಬಿಡಲಿಲ್ಲ, ಮೊದಲು ದೊಡ್ಡಪ್ಪನ ಕೈಗೇ ಕೊಡಬೇಕೆಂದಳು. ಕೊಟ್ಟೆ. ಅವರು ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು, ತಿರುಗಿಸಿ ಹಿಂದುಗಡೆಯನ್ನೂ ನೋಡಿದರು.

"ಈ ಸಲ ಒಂದ್ ಸೀಬೆಕಾಯ್ಗೂ ಬಾವ್ಲಿ ಅಲ್ಲು ಬಿದ್ದಿಲ್ಲ ಕಣವ್ವಾ," ಎಂದರು. "ನೀನ್ ಓದಿದ್ದು ಸಾರ್ಥಕ ಆಯ್ತು."