ಗೋವಾದಲ್ಲಿರುವ ಅಣ್ಣ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ತವರಿನವರು ಒಂದೇ ಹೇಳಿದರು, ಅಷ್ಟೇ ಸಾಕಾಯಿತು. ದಾಂಡೇಲಿಯಿಂದ ಗಂಡಿನವರು ನನ್ನನ್ನು ನೋಡಲು ತೇರಗಾಂವಕ್ಕೆ ಬರುವ ಮೊದಲೇ ಅಣ್ಣನನ್ನು ಮುಂಡಗೋಡದ ಚಿಕ್ಕಮ್ಮನ ಮನೆಗೆ ಸಾಗಹಾಕಿದ್ದರು. "ಮಗಾ ಗೋವಾದಾಗ ಕೆಲಸಕ್ಕದಾನ್ರಿ" ಎಂದರು ಅಪ್ಪ. ನಾನು ತಲೆ ತಗ್ಗಿಸಿ ಚಹಾ ಕೊಟ್ಟೆ.

ಅಣ್ಣನ ಕಾಯಿಲೆ ಎರಡು ಬಗೆಯದು. ಕೆಲವು ದಿನ ನಿದ್ದೆಯಿಲ್ಲದೆ ಊರೆಲ್ಲ ಸುತ್ತಿ ಒಂದೇ ಸಮನೆ ಮಾತು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗುವುದು. ಮುಂದೆ ಒಂದು ಗುಳಿಗೆ ಹಿಡಿಯಿತು, ಅವನು ಆರಾಮಾದ. ಸುಳ್ಳಿಗೆ ಮಾತ್ರ ಯಾವ ಗುಳಿಗೆಯೂ ಇರಲಿಲ್ಲ. ನನ್ನ ಮಗಳ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ನಾನು ಚಿಕ್ಕಪ್ಪನ ಮಗನನ್ನು ಕೂರಿಸಿ, ಅಣ್ಣನಿಗೆ ರಜೆ ಸಿಗಲಿಲ್ಲ ಎಂದೆ. ಯಾವ ಸಾಹುಕಾರನೂ ಅಷ್ಟು ವರ್ಷ ಆಳಿಗೆ ರಜೆ ಕೊಡದೆ ಇರಲಾರ.

ದಾಂಡೇಲಿಯ ಬಂಗೂರನಗರದ ಕಾಲೇಜಿಗೆ ಹೋಗುತ್ತಿದ್ದ ಮಗಳು ಕಳೆದ ವರ್ಷ ಹಾಸಿಗೆ ಬಿಟ್ಟು ಏಳದಾದಳು. ಧಾರವಾಡದ ಡಾಕ್ಟರು ಕೇಳಿದರು: "ಮನೆತನದಾಗ ಯಾರಿಗರೆ ಹಿಂಗ ಆಗಿತ್ತೇನ್ರಿ?" ಪಕ್ಕದಲ್ಲಿ ಗಂಡ ಕೂತಿದ್ದರು. ಇಲ್ಲ ಎಂದೆ. ಬೇಸರ ಕಳೆಯುವ ಗುಳಿಗೆ ಬರೆದುಕೊಟ್ಟರು. ಅದನ್ನು ತೆಗೆದುಕೊಳ್ಳತೊಡಗಿದ ಮೇಲೆ ಅವಳು ಎದ್ದಳು, ಆದರೆ ಮಲಗುವುದನ್ನೇ ಮರೆತಳು. ಓಣಿಯ ಬಾಗಿಲುಗಳನ್ನೆಲ್ಲ ಬಡಿದು ಭಾಷಣ ಮಾಡಿದಳು. ಅವಳಲ್ಲಿ ನನಗೆ ಅಣ್ಣ ಕಂಡ.

ಮತ್ತೆ ಹೋದಾಗ ಡಾಕ್ಟರು ಅದೇ ಪ್ರಶ್ನೆ ಕೇಳಿದರು. "ರಕ್ತದಾಗ ಬರೂದು ಖರೆ. ಎಲ್ಲಾರಿಗೂ ಬಂದಽ ಬರತೈತಿ ಅಂತಲ್ಲ. ಆದ್ರ ಗೊತ್ತಿದ್ರ ನಾವು ಗುಳಿಗಿ ನೋಡಿ ಕೊಡತೇವ್ರಿ. ಬರೇ ಬೇಸರದ ಗುಳಿಗಿ ಇಂಥವರನ್ನ ಹಿಂಗ ಕೆರಳಸತೈತಿ."

"ನಮ್ಮ ಅಣ್ಣಗ ಐತ್ರಿ" ಎಂದೆ. ಗಂಡ ನನ್ನ ಕಡೆ ತಿರುಗಿದರು. ಅಣ್ಣನಿಗೆ ಹಿಡಿದ ಗುಳಿಗೆಯ ಹೆಸರನ್ನೂ ಹೇಳಿದೆ. ಡಾಕ್ಟರು ಹಳೆಯದನ್ನು ನಿಲ್ಲಿಸಿ, ರಕ್ತ ತಪಾಸಣೆ ಮಾಡಿಸಿ ಅದನ್ನೇ ಶುರು ಮಾಡಿದರು. ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ನನ್ನ ಮಗಳು ಊರ ಮುಂದೆ ಹಾಗೆ ನಿಲ್ಲುತ್ತಿರಲಿಲ್ಲವೇನೋ. ನನ್ನ ಮರ್ಯಾದೆಗೆ ಅವಳ ಮರ್ಯಾದೆ ತೆತ್ತೆ.

ಕೆಲವು ವಾರಗಳಲ್ಲಿ ಅವಳು ತಿಳಿಯಾದಳು. ಗಂಡ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಒಂದು ಮಧ್ಯಾಹ್ನ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಮಗಳು ಪಕ್ಕ ಬಂದು ಕೂತಳು.

"ಮಾಮಾ ಈಗ ಹೆಂಗದಾನವ್ವಾ?"

"ಆರಾಮ ಅದಾನ. ಚಿಗವ್ವನ ಹೊಲಾ ಅವನಽ ನೋಡಕೋತಾನ."

ಬೈಯುತ್ತಾಳೆ ಅಂದುಕೊಂಡೆ. ಅವಳು ಅಳತೊಡಗಿದಳು.

"ಇದು ಬಂದು ಆರಾಮ ಆದವರೂ ಇರತಾರ ಅಂತ ನನಗ ಒಬ್ಬರೂ ಹೇಳಲಿಲ್ಲಲ್ಲವ್ವಾ."