ಮೂರನೇ ಚರಣ

ನಾಟಿಂಗ್‌ಹ್ಯಾಮಿನಲ್ಲಿ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಕುಕ್ಕರ್ ಕೂಗಿದ್ದು ಅವರಿಗೆ ಕೇಳುತ್ತಿತ್ತು, ಅವರ ಟೇಪಿನ ಹಾಡು ನಮಗೆ ಕೇಳುತ್ತಿತ್ತು. ಅಲ್ಲಿದ್ದವಳು ಜಪಾನಿನ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳ ಗಂಡ ಡರ್ಬಿ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು, ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಮನೆಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ ಅನ್ನುವುದರಲ್ಲಿ ಇಬ್ಬರೂ ಒಂದೇ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಬಟ್ಟೆ ಹರವಿ, ನೆಲ ಒರೆಸಿದ ಮೇಲೆ ಅವಳು ನಮ್ಮ ಅಡುಗೆಮನೆಗೆ ಬರುವಳು. ನಾನು ಟೀಗಿಡುವೆ. ಇಬ್ಬರದೂ ಮುರುಕು ಇಂಗ್ಲಿಷು, ಹಾಗಾಗಿ ಒಬ್ಬರಿಗೊಬ್ಬರು ಸಂಕೋಚವಿರಲಿಲ್ಲ.

ಮಾರ್ಚ್ ಹತ್ತಿರ ಬಂತೆಂದರೆ ಗೋಡೆಯಾಚೆಯ ಹಾಡುಗಳು ಬದಲಾಗುತ್ತಿದ್ದವು. ರಾಗವೇನೋ ಮೆಲ್ಲಗೆ, ಹಿತವಾಗಿಯೇ ಇರುತ್ತಿತ್ತು. ಆದರೆ ಒಂದು ದಿನ ಅವಳು ಬಂದಾಗ ಕಣ್ಣು ಕೆಂಪಗಿತ್ತು.

"ಏನಾಯ್ತು?" ಅಂದೆ.

"ಏನಿಲ್ಲ. ಹಾಡು ಕೇಳ್ತಿದ್ದೆ. ಇದು ನಮಗೆ ಅಳೋ ಕಾಲ."

ಅವರಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚಿನಲ್ಲಿ, ಕಚೇರಿಗಳಲ್ಲಿ ವರ್ಗವಾಗುವುದೂ ಆಗಲೇ ಅಂತೆ. ಗೆಳತಿಯರು ಅಗಲುತ್ತಾರೆ, ಹುಡುಗ ದೊಡ್ಡ ಊರಿಗೆ ಹೋಗುತ್ತಾನೆ, ಹುಡುಗಿ ಸ್ಟೇಷನ್ನಿನಲ್ಲೇ ಉಳಿಯುತ್ತಾಳೆ. ಅದೇ ಹೊತ್ತಿಗೆ ಚೆರ್ರಿ ಹೂ ಅರಳಿ ಉದುರುತ್ತದೆ. ರೇಡಿಯೋದಲ್ಲಿ ಒಂದರ ಹಿಂದೊಂದು ಇದೇ ಹಾಡುಗಳು.

"ನಮಗೆ ವಸಂತ ಅಂದ್ರೆ ಮಾವಿನ ಚಿಗುರು, ಕೋಗಿಲೆ, ಮದುವೆ," ಅಂದೆ. "ಅಳೋದಕ್ಕೆ ನಾವು ಮಳೆಗಾಲ ಇಟ್ಕೊಂಡಿದ್ದೀವಿ."

"ಹಾಗಾದ್ರೆ ಇಂಗ್ಲೆಂಡಿನಲ್ಲಿ ನೀವು ವರ್ಷವೆಲ್ಲ ಅಳಬೇಕು," ಅಂದು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು.

ಆಮೇಲೆ ಹೇಳಿದಳು, ಅವಳ ಗಂಡನಿಗೂ ವರ್ಗವಾಗಿತ್ತು. ಮಾರ್ಚ್ ಕೊನೆಗೆ ಜಪಾನಿಗೆ ಹೊರಡಬೇಕು.

ಅವತ್ತು ತನಗೆ ಎಲ್ಲಕ್ಕಿಂತ ಇಷ್ಟದ ಹಾಡಿನ ಅರ್ಥ ಬಿಡಿಸಿ ಹೇಳಿದಳು. ಮೊದಲ ಚರಣದಲ್ಲಿ ಇಬ್ಬರು ಗೆಳತಿಯರು ಪ್ಲಾಟ್‌ಫಾರಂ ಮೇಲೆ ನಿಂತಿದ್ದಾರೆ. ಮಾತು ಹೊರಡದೆ ಹವೆಯ ವಿಷಯ ಆಡುತ್ತಾರೆ. ಎರಡನೆಯದರಲ್ಲಿ ರೈಲು ಹೊರಟಿದೆ, ಉಳಿದವಳ ಹೆಗಲ ಮೇಲೆ ಹೂವಿನ ಎಸಳು ಬಿದ್ದಿದೆ. ಮೂರನೆಯದರಲ್ಲಿ, ಹೋದವಳು ಎದುರಿಗೆ ಹೇಳಲಾಗದ್ದನ್ನು ರೈಲಿನಲ್ಲಿ ಕೂತು ಹೇಳುತ್ತಾಳೆ: ನೀನಿದ್ದೆ, ಅದಕ್ಕೇ ಆ ಊರಿನಲ್ಲಿ ನಾನು ಒಂಟಿಯಾಗಲಿಲ್ಲ. ಇದನ್ನು ಹೇಳುವಾಗ ಅವಳು ಟೀ ಕಪ್ಪನ್ನೇ ನೋಡುತ್ತಿದ್ದಳು. ನಾನೂ ನನ್ನ ಕಪ್ಪನ್ನು ನೋಡಿದೆ.

ಅದೇ ತಿಂಗಳು ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮವಿತ್ತು. ಹಬ್ಬಕ್ಕೆ ಇನ್ನೂ ದಿನವಿತ್ತು, ಆದರೆ ಶಾಲೆಯ ಹಾಲ್ ಸಿಕ್ಕ ಶನಿವಾರವೇ ನಮಗೆ ಯುಗಾದಿ. ಅವಳನ್ನೂ ಕರೆದೆ. ಅರಿಶಿನ ಕುಂಕುಮಕ್ಕೆ ಕರೆದವರ ಬಾಯಲ್ಲಿ ಒಂದು ಹಾಡು ಹೇಳಿಸುವ ಅಭ್ಯಾಸ ನಮ್ಮದು. ಅದೇ ಅಭ್ಯಾಸಬಲದಿಂದ, "ಬಂದ ಮೇಲೆ ಒಂದು ಹಾಡು ಹೇಳಲೇಬೇಕು" ಅಂದೆ. ಎರಡು ದಿನ ಬಿಟ್ಟು ಅವಳು, "ಆ ಹಾಡೇ ಹಾಡ್ತೀನಿ. ನೀವು ಹತ್ತಿರ ಕೂತ್ಕೊಳ್ಳಿ," ಅಂದಳು. ಬರೀ ವಾದ್ಯವಿದ್ದು ಹಾಡುವವರ ದನಿಯಿಲ್ಲದ ಟೇಪೊಂದು ಅವಳ ಹತ್ತಿರ ಇತ್ತು. ಅದನ್ನು ಹಾಕಿಕೊಂಡು ಅಭ್ಯಾಸ ಮಾಡುವುದು ಗೋಡೆಯಾಚೆಯಿಂದ ದಿನಾ ಕೇಳುತ್ತಿತ್ತು. ಯಾರಿಗಾಗಿ ಅಂತ ನನಗೆ ತಿಳಿದಿತ್ತು.

ಕಾರ್ಯಕ್ರಮದ ಅಡುಗೆ, ಅಲಂಕಾರ ಎಲ್ಲ ಧಾರವಾಡದ ಕಡೆಯ ಹಿರಿಯರೊಬ್ಬರ ಉಸ್ತುವಾರಿ. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತಿದ್ದೆವು. ಹಾಡು ಎಂಥದು ಅಂತ ಅಕ್ಕ ಕೇಳಿದಾಗ ಇದ್ದದ್ದು ಹೇಳಿದೆ.

"ಅಯ್ಯ, ವರ್ಷದ ಹಬ್ಬಕ್ಕ ಅಗಲೂ ಹಾಡ ಯಾಕವಾ? ಹೂವಿಂದು ಅಂತ ಹೇಳಿಬಿಡು. ಯಾರಿಗೆ ತಿಳೀತದ?"

ಹೂವಂತೂ ಅದರಲ್ಲಿತ್ತಲ್ಲ. ಮೈಕಿನ ಮುಂದೆ, "ಇದು ಜಪಾನಿನ ವಸಂತದ ಹಾಡು, ಹೂವಿನ ಹಾಡು. ಎಲ್ಲರೂ ಆನಂದಿಸಿ," ಅಂದೆ. ಕನ್ನಡದಲ್ಲಿ ಹೇಳಿದ್ದರಿಂದ ಅವಳಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ನಿಂತು, ನಾನು ಸರಿಯಾಗೇ ಹೇಳಿರುತ್ತೇನೆ ಅನ್ನುವ ಹಾಗೆ ತಲೆ ಬಾಗಿಸಿದಳು. ನಾನು ಟೇಪು ಹಾಕಿ ಅದರ ಪಕ್ಕದಲ್ಲೇ ಕೂತೆ.

ಹೂವಿನ ಹಾಡೆಂದ ಮೇಲೆ ಜನ ಸುಮ್ಮನೆ ಕೂತಾರೆಯೆ? ಮೊದಲ ಚರಣದಲ್ಲೇ ಚಪ್ಪಾಳೆಯ ತಾಳ ಶುರುವಾಯಿತು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಅವಳು ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದಳು. ಎರಡನೇ ಚರಣ ಮುಗಿದು ಬರೀ ಪಿಯಾನೋ ನುಡಿಯತೊಡಗಿತು. ಹಾಡು ಮುಗಿಯಿತೆಂದು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ, "ಊಟಕ್ಕೆ ಏಳಿ, ಮೂರಕ್ಕೆ ಹಾಲ್ ಬಿಡಬೇಕು" ಅಂತ ಕೂಗು. ಕುರ್ಚಿಗಳು ಕಿರುಗುಟ್ಟಿದವು, ತಟ್ಟೆ ಹಿಡಿದ ಸಾಲು ಗೋಡೆಯುದ್ದಕ್ಕೂ ಬೆಳೆಯಿತು. ಅವಳಿನ್ನೂ ಕಣ್ಣು ಮುಚ್ಚಿಯೇ ನಿಂತಿದ್ದಳು, ಮೂರನೆಯದು ಬರುವುದನ್ನು ಕಾಯುತ್ತ.

"ಹೋಳಿಗಿ ಆರಿಹೋಗ್ತಾವು, ಬಾರವಾ ಬಡಿಸಾಕ," ಅಂದರು ಅಕ್ಕ.

ಎಲ್ಲರೂ ಬೆನ್ನು ತಿರುಗಿಸಿದ ಹಾಲಿನಲ್ಲಿ ಅವಳೊಬ್ಬಳು ಹಾಗೆ ನಿಂತಿರುವುದು ನನ್ನಿಂದ ನೋಡಲಾಗಲಿಲ್ಲ. ಅವಳ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡೆ. ಕೈಚಾಚಿ ಟೇಪನ್ನು ನಿಲ್ಲಿಸಿದೆ.

ಅವಳು ಕಣ್ಣು ಬಿಟ್ಟು ಮೊದಲು ಟೇಪಿನ ಕಡೆ, ಆಮೇಲೆ ಅದರ ಮೇಲಿದ್ದ ನನ್ನ ಕೈ ಕಡೆ ನೋಡಿದಳು. ಖಾಲಿ ಕುರ್ಚಿಗಳಿಗೆ ಬಗ್ಗಿ ನಮಸ್ಕಾರ ಮಾಡಿದಳು. ನಾನು, "ತುಂಬಾ ಚೆನ್ನಾಗಿತ್ತು, ಬನ್ನಿ ಊಟಕ್ಕೆ," ಅಂದೆ. ಅವಳ ತಟ್ಟೆಗೆ ಎರಡು ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರಿದೆ, ಬೇಡ ಬೇಡವೆಂದರೂ ಇನ್ನೊಂದು ಹಾಕಿದೆ. ಡಬ್ಬಿಯಲ್ಲೂ ಕಟ್ಟಿಕೊಟ್ಟೆ. ಬೇರೇನು ಮಾಡಬೇಕೋ ತೋಚಲಿಲ್ಲ.

ಭಾನುವಾರವೆಲ್ಲ ಗೋಡೆಯಾಚೆ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಸುತ್ತುವ ಸದ್ದು. ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಸೋಮವಾರ ಅವಳೇ ಬಂದಳು. ನನ್ನ ಡಬ್ಬಿ ತೊಳೆದು ತಂದಿದ್ದಳು. ಖಾಲಿ ಡಬ್ಬಿ ಕೊಡಬಾರದೆಂದು ನಾನು ಯಾವಾಗಲೋ ಹೇಳಿದ್ದನ್ನು ನೆನಪಿಟ್ಟು ಅದರೊಳಗೆ ಅವರ ಕಡೆಯ ಅಕ್ಕಿ ಬಿಸ್ಕತ್ತು ತುಂಬಿದ್ದಳು.

"ಕ್ಷಮಿಸಿ," ಅಂದಳು. ನಾನು ಆಡಬೇಕಿದ್ದ ಮಾತು. "ಹಾಡು ತುಂಬಾ ಉದ್ದವಾಯಿತು. ಎಲ್ಲರಿಗೂ ಹಸಿವಾಗಿತ್ತು."

ತಪ್ಪು ನಮ್ಮದು, ನಿಲ್ಲಿಸಿದ್ದು ನನ್ನದೇ ಕೈ ಅಂತ ಹೇಳಬೇಕು. ಇಂಗ್ಲಿಷಿನಲ್ಲಿ ಅಷ್ಟು ಮಾತು ನನಗೆ ಬರುತ್ತಿತ್ತು. ಆದರೂ ಬಾಯಿಗೆ ಬಂದದ್ದು ಬೇರೆ.

"ಮೂರನೇ ಚರಣ ಈಗ ಹೇಳಿ, ಇಲ್ಲೇ."

"ಟೇಪು ಪೆಟ್ಟಿಗೆಯಲ್ಲಿ ಹೋಯಿತು."

"ಟೇಪಿಲ್ಲದೆ ಹೇಳಿ."

ಅವಳು ನಕ್ಕಳು. ಈ ಸಲ ಬಾಯಿಗೆ ಕೈ ಅಡ್ಡ ಬರಲಿಲ್ಲ. "ಅಲ್ಲಿ ಅಷ್ಟು ಜನರ ನಡುವೆ ಆದರೆ ಹಾಡಬಹುದಿತ್ತು. ಇಲ್ಲಿ ನೀವೊಬ್ಬರೇ. ನಾಚಿಕೆ."

ನಾನು ಒಲೆಯ ಕಡೆ ತಿರುಗಿ ಟೀಗಿಟ್ಟೆ. ಕಿಟಕಿಯಾಚೆ ಗಾಳಿ ಜೋರಾಗಿತ್ತು. ಗಾಳಿಯ ವಿಷಯ ಅವಳೂ ಆಡಿದಳು, ನಾನೂ ಆಡಿದೆ. ಟೀ ಸೋಸುವಾಗ ಹಿಂದೆ ತಿರುಗಿ ಅವಳ ಮುಖ ನೋಡುವ ಧೈರ್ಯ ಸಾಲದೆ, "ಸಕ್ಕರೆ ಎಷ್ಟು?" ಅಂತ ಕೇಳಿದೆ. ಎರಡು ವರ್ಷ ನಾನೇ ಹಾಕಿಕೊಟ್ಟ ಸಕ್ಕರೆ.

"ಒಂದು ಚಮಚ, ದಯವಿಟ್ಟು," ಅಂದಳು, ಮೊದಲ ಸಲ ಮನೆಗೆ ಬಂದವರ ಹಾಗೆ.